ಸೈಮಾ ಸರೋವರವೂ ನೊರ್ಪವೆಂಬ ಪ್ರಾಣಿಯೂ

ಫಿನ್ಲೆಂಡ್ ದೇಶದ ಭೂಪಟವನ್ನು ಬಿಡಿಸಿ ನೋಡಿದ ವಾಚಕರಿಗೆ, ಅದರ ಆಗ್ನೇಯ ಭಾಗದಲ್ಲಿ ನೆಲವು ಹೆಚ್ಚೋ ನೀರು ಹೆಚ್ಚೋ ಎಂಬ ಸಂದೇಹವು ಹುಟ್ಟದೆ ಇರದು. ಅದೇ ಸೈಮಾ ಸರೋವರ. ಅದರ ವಿಸ್ತಾರವು ಸುಮಾರು 4,400 ಚದರ ಕಿಲೋಮೀಟರ್. ಒಳಗಿರುವ ದ್ವೀಪಗಳು ಸುಮಾರು 14,000. ಹೆಲ್ಸಿಂಕಿಯಲ್ಲಿ ಉದ್ಯೋಗದಲ್ಲಿರುವ ಮಗನೊಡನೆ ನಾನು ಒಂದು ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೆನು. ಪಾರಿಕ್ಕಲ ಎಂಬಲ್ಲಿ ರೈಲು ಬದಲಾಯಿಸಿ ಸವೋನ್ಲಿನ್ನ ಪಟ್ಟಣವನ್ನು ಸೇರಬೇಕು. 1475ರಲ್ಲಿ ಕಟ್ಟಲು ತೊಡಗಿದ ಕೋಟೆಯೊಂದು ಅಲ್ಲಿ ನೀರಿನ ನಡುವೆ ನಿಂತಿದೆ. ಯಾತ್ರಿಕರು ಅದನ್ನು ನೋಡಲು ಬರುವರು. ನಮ್ಮ ಉದ್ದೇಶವು ಬೇರೆಯಾಗಿತ್ತು.

ಆ ಸರೋವರದಲ್ಲಿ ನೊರ್ಪವೆಂಬ ಒಂದು ಬಗೆಯ ಸೀಲ್ ಪ್ರಾಣಿಯಿದೆ. ಅಮರಕೋಶದ ವಾರಿವರ್ಗದಲ್ಲಿ ಶಿಶುಮಾರವುಂಟು, ಉದ್ರವುಂಟು, ಮಕರವುಂಟು. ಶೀತದೇಶದ ಈ ಜೀವಿಗೆ ಹೆಸರಿಲ್ಲ. ಸೀಲುಗಳು ಪ್ರಾಯಶಃ ಸಮುದ್ರವಾಸಿಗಳು. ಇದು ಸಿಹಿನೀರಿನದಾದ ಬಗೆಯು ವಿಚಿತ್ರವಾಗಿದೆ. ಹಿಮಯುಗದ ಕೊನೆಯಲ್ಲಿ ಮಂಜುಗಡ್ಡೆಯ ಭಾರವು ಕರಗಿಹೋಗಲು, ಅದರಡಿಯಲ್ಲಿ ಕುಗ್ಗಿದ್ದ ನೆಲವು ಮೆಲ್ಲಮೆಲ್ಲನೆ ಮೇಲೆದ್ದಿತು. ಒಳಗಿದ್ದ ಸೀಲುಗಳಿಗೆ ಕಡಲಿನ ದಾರಿ ಮುಚ್ಚಿಹೋಯಿತು. ಇದು ನಡೆದು ಸುಮಾರು 9,500 ವರ್ಷಗಳಾದುವೆನ್ನುತ್ತಾರೆ. ಅಂದಿನಿಂದ ಈ ಕುಲಕ್ಕೆ ಪ್ರಪಂಚದಲ್ಲಿ ಇದೊಂದೇ ನೆಲೆ.

ಓರಾವಿ ಎಂಬ ಹಳ್ಳಿಯಿಂದ ಲಿನ್ನಾನ್ಸಾರಿ ರಾಷ್ಟ್ರೀಯ ಉದ್ಯಾನದ ಕಡೆಗೆ ದೋಣಿಯಲ್ಲಿ ಹೋದೆವು. ಮೇ ತಿಂಗಳಲ್ಲಿ ಇವು ಹಳೆಯ ರೋಮವನ್ನು ಕಳೆದುಕೊಳ್ಳುವುದಕ್ಕಾಗಿ ಬಂಡೆಗಳ ಮೇಲೆ ಬಿಸಿಲು ಕಾಯುತ್ತವೆ. ದೋಣಿಯವನು ಯಂತ್ರವನ್ನು ನಿಲ್ಲಿಸಿ, ದೂರದಿಂದಲೇ ಕೈತೋರಿಸಿದನು. ಬಂಡೆಯದೇ ಬಣ್ಣ, ಮೈಮೇಲೆ ಬಳೆಗಳನ್ನು ಒತ್ತಿದಂತೆ ಬಿಳಿಯ ಉಂಗುರಗಳು. ಈ ಉಂಗುರಗಳ ವಿನ್ಯಾಸವು ಒಂದರದು ಇನ್ನೊಂದಕ್ಕಿಲ್ಲವಾದುದರಿಂದ, ಛಾಯಾಚಿತ್ರ ತೆಗೆದು ಒಂದೊಂದನ್ನೂ ಗುರುತಿಸುತ್ತಾರಂತೆ. ಕಾಲು ಗಂಟೆಯಲ್ಲಿ ಅದು ಒಮ್ಮೆ ಮಾತ್ರ ಮಗ್ಗುಲು ಬದಲಾಯಿಸಿತು. ಅಷ್ಟು ನಿಶ್ಚಿಂತೆಯನ್ನು ನಾನು ಪ್ರಾಣಿಗಳಲ್ಲಿ ಕಂಡದ್ದು ಅಪೂರ್ವ.

ನಿಶ್ಚಿಂತೆಗೆ ಹಿಂದೆ ಅವಕಾಶವಿರಲಿಲ್ಲ. ಮೀನುಗಳ್ಳನೆಂದು ಬಗೆದು, 1882ರಿಂದ 1948ರ ವರೆಗೆ ಇದನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. 1955ರಲ್ಲಿ ಕಾಯಿದೆಯ ರಕ್ಷಣೆ ದೊರೆಯಿತು. ಆದರೂ 1980ರ ದಶಕದ ಆದಿಯಲ್ಲಿ ಉಳಿದಿದ್ದವು 150ಕ್ಕಿಂತ ಕಡಿಮೆ. ಕೋವಿಯು ಸುಮ್ಮನಾದ ಮೇಲೂ ಕೊಲ್ಲುತ್ತಿದ್ದುದಾವುದು? ಪಾದರಸದ ವಿಷವು ಸ್ವಲ್ಪ. ಹೆಚ್ಚಾಗಿ ಮನೆಮನೆಯ ಬಲೆ. ಹತ್ತಿಯ ನೂಲಿನ ಬಲೆಯಾದರೆ ಹರಿಯುತ್ತಿತ್ತು, ನೈಲಾನ್ ಬಲೆಯು ಹರಿಯದು. ಬಲಿತ ಸೀಲು ಹೇಗಾದರೂ ಬಿಡಿಸಿಕೊಂಡೀತು. ಅದೇ ವರ್ಷದ ಮರಿಯು ಉಸಿರಿಗಾಗಿ ಮೇಲೆ ಬರಲಾರದೆ ಸಾಯುವುದು.

ಆ ದೇಶದಲ್ಲಿ ದಡದ ನೀರು ಬಹುಮಟ್ಟಿಗೆ ಊರ ಭೂಮಾಲಿಕರ ಕೂಡುಸ್ವತ್ತು. ಆದುದರಿಂದ ಅವರೊಡನೆ ಒಪ್ಪಂದ ಮಾಡಿಕೊಂಡು, ಅಲ್ಪಸ್ವಲ್ಪ ಪರಿಹಾರವನ್ನು ಕೊಟ್ಟು, ಬಲೆ ಬಿಡದಂತೆ ಮಾಡಿದರು. 2011ರಲ್ಲಿ ಸರ್ಕಾರವು ಏಪ್ರಿಲ್ 15ರಿಂದ ಜೂನ್ 30ರ ವರೆಗೆ ನಿರ್ಬಂಧವನ್ನೂ ವಿಧಿಸಿತು. ತಿಂಗಳುಗಟ್ಟಲೆ ಹೆಪ್ಪುಗಟ್ಟಿದ್ದ ನೀರು ತೆರೆದೊಡನೆ, ಮೀನೂಟದವರು ಬಲೆಯನ್ನು ಅಟ್ಟದ ಮೇಲಿಡಬೇಕೆಂದರೆ ಸಣ್ಣ ಮಾತಲ್ಲ. ಚಾತುರ್ಮಾಸ್ಯದಲ್ಲಿ ತರಕಾರಿ ಬಿಟ್ಟು ಗೊಣಗುವ ನಮ್ಮ ಮನೆಗಳ ಹಿರಿಯರಿಗೆ ಇದು ತಿಳಿದೀತು. ಜುಲೈಯಲ್ಲಿಯೂ ಮರಿಗಳು ಸಾಯುತ್ತವೆ, ನಿಷೇಧವನ್ನು ಆ ತಿಂಗಳಿಗೂ ಬೆಳೆಸಬೇಕೆಂಬುದು ರಕ್ಷಕರ ಬಹುಕಾಲದ ಬೇಡಿಕೆ. ಆದರೆ ಪಟ್ಟಣಿಗರು ರಜೆಗಾಗಿ ದಡದ ಮನೆಗಳಿಗೆ ಬರುವುದೂ ಜುಲೈಯಲ್ಲಿಯೇ. ನನ್ನ ಮಟ್ಟಿಗೆ ರಕ್ಷಕರ ಮಾತೇ ಸರಿ.

ಈ ಏರ್ಪಾಡುಗಳಿಂದ ಸಂಖ್ಯೆಯು ಈಗ 500ರ ಸುಮಾರಿಗೆ ಏರಿದೆ. ಅಷ್ಟರಲ್ಲಿ ಬೇರೊಂದು ಕಷ್ಟವು ಬಂದೊದಗಿತು. ನೊರ್ಪದ ಸೂತಿಕಾಗೃಹವು ಹಿಮದ್ದು. ದಡದಲ್ಲಿ ಗಾಳಿಯು ಒಟ್ಟಿದ ಹಿಮರಾಶಿಯನ್ನು ತಾಯಿಯು ಅಡಿಯಿಂದ ಕೊರೆದು, ಗುಹೆ ಮಾಡಿ, ಫೆಬ್ರವರಿ ಮಾರ್ಚಿಯಲ್ಲಿ ಅಲ್ಲಿ ಒಂದೇ ಮರಿಯನ್ನು ಈಯುತ್ತದೆ. ಮಾಡು ಇಲ್ಲದಿದ್ದರೆ ಮರಿಯು ಚಳಿಗೋ ನರಿಗೋ ತುತ್ತು. ಇತ್ತೀಚಿನ ಚಳಿಗಾಲಗಳಲ್ಲಿ ಸಾಕಷ್ಟು ಹಿಮವೇ ಬೀಳುತ್ತಿಲ್ಲ. 2014ರಲ್ಲಿ ಊರಿನವರೂ ಉದ್ಯಾನದ ನೌಕರರೂ ಸಲಿಕೆ ಹಿಡಿದು, ಹೆಪ್ಪುಗಟ್ಟಿದ ನೀರಿನ ಮೇಲೆ ಇದ್ದಷ್ಟು ಹಿಮವನ್ನು ದಡಕ್ಕೆ ಬಾಚಿ ಗುಡ್ಡೆಹಾಕಿದರು. ಆ ವರ್ಷದ ಮರಿಗಳಲ್ಲಿ ಬಹುಪಾಲು ಹುಟ್ಟಿದುದು ಆ ಗುಡ್ಡೆಗಳಲ್ಲಿಯೇ. ಬಾಚುವುದಕ್ಕೂ ಹಿಮವಿಲ್ಲದ ವರ್ಷಕ್ಕಾಗಿ ಪೂರ್ವ ಫಿನ್ಲೆಂಡ್ ವಿಶ್ವವಿದ್ಯಾಲಯದವರು ಕೃತಕ ಗೂಡುಗಳನ್ನು ದಡದಲ್ಲಿಟ್ಟು ಪರೀಕ್ಷಿಸಿದ್ದಾರೆ.