ನಮ್ಮ ಬಾಟಲಿ, ಅವರ ಹಡಗು

ಪ್ರಯಾಣ ಹೊರಡುವವರು ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಸೀಮೆಯ ಹಳೆಯ ರೂಢಿ. ಚುಂಚನಕಟ್ಟೆಯ ಜಾತ್ರೆಗೆ ದನ ಹೊಡೆದುಕೊಂಡು ಹೋಗುವವರಾಗಲಿ, ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತುವವರಾಗಲಿ ಬರಿಗೈಯಲ್ಲಿ ಹೊರಟದ್ದನ್ನು ನಾನು ಕಂಡಿಲ್ಲ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ ಗಂಟಿನಲ್ಲಿ ಇದ್ದೇ ಇರುತ್ತಿದ್ದವು. ಆ ಗಂಟನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಚ್ಚಬಾರದು ಎಂದು ಯಾರೂ ಅಪ್ಪಣೆ ಕೇಳುತ್ತಿರಲಿಲ್ಲ. "ಹೊರಗಿನ ತಿಂಡಿ ತಿನಿಸುಗಳಿಗೆ ಪ್ರವೇಶವಿಲ್ಲ" ಎಂಬ ಫಲಕವನ್ನು ನಾನು ಮೊದಲು ಓದಿದ್ದು ಮೈಸೂರಿನ ಒಂದು ಚಿತ್ರಮಂದಿರದಲ್ಲಿ, ಅದೂ ನಡುವಯಸ್ಸು ದಾಟಿದ ಮೇಲೆ. ನಮ್ಮದನ್ನು ನಾವು ತಂದುಕೊಂಡರೆ ಇನ್ನೊಬ್ಬರಿಗೇನು ಎಂಬ ಭಾವನೆ ನಮ್ಮವರಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈಚೆಗೆ ಈ ಭಾವನೆಯೇ ನನ್ನ ಮನೆಯ ಜಗಲಿಯ ಮೇಲೆ ದೊಡ್ಡ ಚರ್ಚೆಗೆ ವಸ್ತುವಾಯಿತು. 1984ರಲ್ಲಿ ಹುಣಸೂರಿನಲ್ಲಿ ನನ್ನ ಬಳಿ ಎಸ್.ಎಸ್.ಎಲ್.ಸಿ. ಓದಿದ ತಂಡದ ಹನ್ನೆರಡು ಮಂದಿ, ಕೆಲವರು ಪತಿಪತ್ನಿ ಸಮೇತರಾಗಿ, ಮುಂಬಯಿಯಿಂದ ಗೋವಾಕ್ಕೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ವಿಹರಿಸಿ ಬಂದಿದ್ದರು. ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಓದಿದ ಸುತ್ತಲ ನಾಲ್ಕು ತಾಲ್ಲೂಕುಗಳ ಹುಡುಗರು ಈಗ ಷಷ್ಟಿಪೂರ್ತಿಯ ಹೊಸ್ತಿಲಲ್ಲಿದ್ದಾರೆ. ಅವರಲ್ಲಿ ಐವರು ನನ್ನನ್ನು ನೋಡಲು ಬಂದಿದ್ದರು. ಸಮುದ್ರದ ಸೂರ್ಯೋದಯದ ವರ್ಣನೆ ಕೇಳಲು ಸಿದ್ಧನಾಗಿ ಕುಳಿತ ನನಗೆ ಮೊದಲ ಒಂದು ಗಂಟೆ ಕೇಳಲು ಸಿಕ್ಕಿದ್ದು ಬಾಟಲಿಗಳ ವೃತ್ತಾಂತ!

ನಡೆದದ್ದು ಇಷ್ಟೆ. ಹಡಗು ಹತ್ತುವ ಮುನ್ನ ಸಾಮಾನುಗಳನ್ನು ವಿಮಾನ ನಿಲ್ದಾಣದಲ್ಲಿ ಮಾಡುವಂತೆಯೇ ಯಂತ್ರದೊಳಗೆ ಹಾಯಿಸುತ್ತಾರೆ. ಇಬ್ಬರ ಚೀಲಗಳಲ್ಲಿ ಮದ್ಯದ ಬಾಟಲಿಗಳಿದ್ದವು. ಕಾವಲಿನವರು ಅವನ್ನು ಎತ್ತಿಟ್ಟುಕೊಂಡು ಒಂದು ಚೀಟಿ ಬರೆದುಕೊಟ್ಟರು. ಪ್ರವಾಸ ಮುಗಿದು ಇಳಿಯುವಾಗ ಮರಳಿ ಕೊಟ್ಟರು. ಹಡಗಿನೊಳಗೆ ಕುಡಿಯಬೇಕೆಂದವರು ಹಡಗಿನ ಬಾರಿನಲ್ಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಶಿಷ್ಯನಿಗೆ ಇದು ಇನ್ನೂ ಅರಗಿರಲಿಲ್ಲ. "ಮೇಷ್ಟ್ರೇ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀನಿ. ಆ ರೂಮು ಮೂರು ದಿನ ನಂದು. ನಂದೇ ರೂಮಿನಲ್ಲಿ ಕೂತು ನಂದೇ ಬಾಟಲಿ ಕುಡಿದರೆ ಅವರ ಗಂಟೇನು ಹೋಗುತ್ತೆ? ಅಂಗಡೀಲಿ ಕೊಡೋದರ ಎರಡರಷ್ಟು ಕೊಟ್ಟು ಅವರ ಹತ್ತಿರ ಯಾಕೆ ಕುಡೀಬೇಕು?" ಎಂದ. ಹರಾಜು ಕಟ್ಟೆಯಲ್ಲಿ ತಾನು ಬೆಳೆದ ಸೊಪ್ಪಿಗೆ ಬೇರೆಯವರು ಬೆಲೆ ಕಟ್ಟುವುದನ್ನು ವರ್ಷವರ್ಷವೂ ನೋಡುತ್ತ ನಿಂತವನು ಅವನು. ಬೆಲೆ ಕಟ್ಟುವ ಅಧಿಕಾರ ಒಂದೇ ಕೈಯಲ್ಲಿರುವುದನ್ನು ಕಂಡರೆ ಅವನಿಗೆ ಸಿಟ್ಟು ಬರುವುದು ಸಹಜವೇ.

ಕೃಷ್ಣರಾಜನಗರದಲ್ಲಿ ಹೋಟೆಲು ನಡೆಸುವವನು ನಕ್ಕುಬಿಟ್ಟ. "ಅಲ್ಲಯ್ಯ, ನನ್ನ ಹೋಟೆಲಿಗೆ ಬಂದು, ಫ್ಯಾನಿನ ಕೆಳಗೆ ಕೂತು, ಮನೆಯಿಂದ ತಂದ ಇಡ್ಲಿ ತಿಂದು, ನೀರು ಕುಡಿದು ಎದ್ದುಹೋದರೆ ನಾನು ಬಾಡಿಗೆ ಎಲ್ಲಿಂದ ಕಟ್ಟಲಿ? ಟಿಕೆಟ್ಟು ಅಷ್ಟು ಅಗ್ಗಕ್ಕೆ ಸಿಕ್ಕಿದ್ದೇ ಬಾರಿನ ಲಾಭದಿಂದ" ಎಂದ. ಇದೂ ಸುಳ್ಳಲ್ಲ. ಹಡಗಿನ ಕಂಪನಿಗಳಿಗೆ ಟಿಕೆಟಿನ ಹಣದ ಜೊತೆಗೆ ಹಡಗಿನೊಳಗೆ ಪ್ರಯಾಣಿಕರು ಮಾಡುವ ಖರ್ಚೂ ದೊಡ್ಡ ಆದಾಯ. ಅದರಲ್ಲಿ ಮದ್ಯಕ್ಕೆ ಮುಖ್ಯ ಪಾಲಿದೆ.

ಹುಣಸೂರಿನಲ್ಲಿ ನೆಲೆಸಿರುವ, ಬಹಳ ವರ್ಷ ನರ್ಸಾಗಿ ದುಡಿದ ಶಿಷ್ಯೆ ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದಳು. ಅವಳು ಹೇಳಿದ್ದು ಬೇರೆಯೇ ಮಾತು: "ಬಾರಿನಲ್ಲಿ ಬಗ್ಗಿಸಿ ಕೊಡುವವನು ಎಷ್ಟಾಯಿತು ಎಂದು ನೋಡುತ್ತಿರುತ್ತಾನೆ ಸಾರ್. ಕಾಲು ತಡವರಿಸುತ್ತಿದ್ದರೆ ಇನ್ನು ಕೊಡುವುದಿಲ್ಲ ಅನ್ನಬಹುದು. ರೂಮಿನೊಳಗೆ ಚೀಲದಿಂದ ತೆಗೆದು ಕುಡಿಯುವವನನ್ನು ಲೆಕ್ಕ ಇಡುವವರು ಯಾರು? ಸುತ್ತ ಸಮುದ್ರ. ಬಿದ್ದರೆ ಆಸ್ಪತ್ರೆಗೆ ಎಲ್ಲಿಗೆ ಓಡುವುದು?"

ಮೂವರ ಮಾತಿನಲ್ಲೂ ಸತ್ಯವಿತ್ತು.

ವಿದೇಶಗಳಲ್ಲಿಯೂ ಈ ಜಗಳ ಹಳೆಯದು. ಅಮೆರಿಕದ ಕಾರ್ನಿವಲ್, ರಾಯಲ್ ಕೆರಿಬಿಯನ್ ಮುಂತಾದ ಹಡಗು ಕಂಪನಿಗಳು ಹತ್ತುವ ದಿನ ಒಬ್ಬ ವಯಸ್ಕನಿಗೆ 750 ಮಿಲಿಲೀಟರಿನ ಒಂದು ಬಾಟಲಿ ದ್ರಾಕ್ಷಾರಸವನ್ನು ತರಗೊಡುತ್ತವೆ. ವಿಸ್ಕಿ, ರಮ್ಮುಗಳಿಗೆ ಅವಕಾಶವಿಲ್ಲ. ನಡುವೆ ಯಾವುದಾದರೂ ಬಂದರಿನಲ್ಲಿ ಕೊಂಡ ಮದ್ಯವನ್ನು ಹಡಗಿನವರು ತಮ್ಮ ವಶದಲ್ಲಿಟ್ಟುಕೊಂಡು ಕೊನೆಗೆ ಹಿಂದಿರುಗಿಸುತ್ತಾರೆ. ಇಷ್ಟಾದರೂ ಕುಡಿಯುವ ನೀರಿನ ಬಾಟಲಿಯಲ್ಲಿ ಬಣ್ಣವಿಲ್ಲದ ಮದ್ಯವನ್ನು ತುಂಬಿ ತರುವವರು ಹೆಚ್ಚಿದ್ದರಿಂದ ಕಾರ್ನಿವಲ್ ಕಂಪನಿ 2015ರಲ್ಲಿ ನೀರಿನ ಬಾಟಲಿ ತರುವುದನ್ನೇ ನಿಲ್ಲಿಸಿಬಿಟ್ಟಿತು. ಕೆಲವರು ಮಾಡಿದ ಕಪಟಕ್ಕೆ ಬರಿಯ ನೀರು ತರುತ್ತಿದ್ದವರೂ ದಂಡ ತೆತ್ತರು. ಇದನ್ನು ಕೇಳಿದಾಗ ನನಗೆ ಪರೀಕ್ಷೆಯ ಕೊಠಡಿ ನೆನಪಾಯಿತು. ಅಂಗಿಯ ಕಾಲರಿನಲ್ಲಿ, ಜಾಮಿಟ್ರಿ ಪೆಟ್ಟಿಗೆಯ ತಳದಲ್ಲಿ, ಕಾಲಿಗೆ ಸುತ್ತಿದ ಬ್ಯಾಂಡೇಜಿನಲ್ಲಿ ಚೀಟಿ ತರುತ್ತಿದ್ದ ಹುಡುಗರು ಬೆರಳೆಣಿಕೆಯಷ್ಟು. ಜೇಬು ಕೊಡವಿ ತೋರಿಸಬೇಕಾದವರು ಮಾತ್ರ ಇಡೀ ತರಗತಿಯವರು.

ನಮ್ಮ ದೇಶದಲ್ಲಿಯೂ ಒಂದೊಂದು ವಾಹನಕ್ಕೆ ಒಂದೊಂದು ಲೆಕ್ಕ. ವಿದೇಶದಿಂದ ಬರುವವರು ಸುಂಕವಿಲ್ಲದೆ ಎರಡು ಲೀಟರು ಮದ್ಯ ತರಬಹುದು. ದೆಹಲಿಯ ಮೆಟ್ರೋ ರೈಲಿನಲ್ಲಿ 2023ರ ಜೂನ್ ಕೊನೆಯಲ್ಲಿ ಒಬ್ಬರಿಗೆ ಮೊಹರು ಒಡೆಯದ ಎರಡು ಬಾಟಲಿ ಒಯ್ಯಲು ಅನುಮತಿ ದೊರೆಯಿತು, ಆದರೆ ಅಲ್ಲಿ ಕುಡಿಯುವಂತಿಲ್ಲ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಬಾಟಲಿ ನಮ್ಮ ಸ್ವತ್ತು ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಅದರ ಮುಚ್ಚಳ ತೆರೆದ ಮೇಲೆ ಆಗುವುದೆಲ್ಲ ನಮ್ಮೊಬ್ಬರದೇ ಆಗಿ ಉಳಿಯುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಹಡಗಿನ ನಿಯಮದಲ್ಲಿ ಎರಡು ಕಾರಣಗಳು ಹೆಣೆದುಕೊಂಡಿವೆ. ಒಂದು ಹಣದ್ದು, ಇನ್ನೊಂದು ಪ್ರಾಣದ್ದು. ಪ್ರಯಾಣಿಕನ ಕಣ್ಣಿಗೆ ಮೊದಲನೆಯದು ಮಾತ್ರ ಬೀಳುತ್ತದೆ, ಏಕೆಂದರೆ ಅದು ಬಿಲ್ಲಿನಲ್ಲಿ ಅಚ್ಚಾಗಿ ಬರುತ್ತದೆ. ಆದಕಾರಣ ನಿಯಮವೆಂದರೆ ವ್ಯಾಪಾರ, ಮುರಿದರೆ ತಪ್ಪಿಲ್ಲ ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ಆ ತೀರ್ಮಾನವನ್ನು ಅವನು ಹಡಗಿನಲ್ಲೇ ಬಿಟ್ಟು ಇಳಿದರೆ ಚಿಂತೆಯಿರಲಿಲ್ಲ. ಜೊತೆಗೆ ಊರಿಗೂ ತರುತ್ತಾನೆ.

ನಾನು ಇಷ್ಟು ಬರೆಯಲು ಕಾರಣ ಅಂದು ಸಂಜೆ ಏಳುವ ಮುನ್ನ ಅವರು ಹೇಳಿದ ಕೊನೆಯ ಸುದ್ದಿ. ತಂಡದ ಮುಂದಿನ ಕೂಟ ಹೆಗ್ಗಡದೇವನಕೋಟೆಯ ಕಡೆ, ಕಬಿನಿಯ ಹಿನ್ನೀರಿನ ಬಳಿ ಇರುವ ಗೆಳೆಯನ ತೋಟದಲ್ಲಿ. "ಅಲ್ಲಿ ನಮ್ಮ ಬಾಟಲಿ ಕಿತ್ತುಕೊಳ್ಳೋರು ಯಾರೂ ಇಲ್ಲ ಮೇಷ್ಟ್ರೇ. ಮೀನು ಹಿಡಿಯೋರ ಎರಡು ತೆಪ್ಪಾನೂ ಹೇಳಿದ್ದೀವಿ. ನೀವೂ ಬರಲೇಬೇಕು" ಎಂದು ಹೊಗೆಸೊಪ್ಪಿನವನು ಪ್ರೀತಿಯಿಂದ ಕರೆದ. ಅಂದು ನಾನು ಆಗಲಿ ಎಂದಷ್ಟೇ ಹೇಳಿ ಕಳಿಸಿದೆ. ನೀವೆಲ್ಲರೂ ಓದುವ ಈ ಪುಟದಲ್ಲಿ ಉಳಿದದ್ದನ್ನು ಹೇಳುತ್ತೇನೆ.

ಕಬಿನಿಗೆ 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಎಷ್ಟೋ ಊರು, ಕಾಡುಗಳು ನೀರಿನಡಿ ಸೇರಿದವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮೇಲೆದ್ದ ಹಸಿರು ದಂಡೆಗೆ ನಾಗರಹೊಳೆ, ಬಂಡೀಪುರಗಳ ಆನೆಗಳು ಹಿಂಡುಗಟ್ಟಿ ಬರುತ್ತವೆ. ಕಾಡಿನೊಳಗೆ ಮದ್ಯ ಒಯ್ಯುವುದು ನಿಷಿದ್ಧ. ಆದರೆ ಕಾಡಿನ ಗೇಟಿನ ಹೊರಗಿನ ದಂಡೆಗೆ ಕಾವಲಿಲ್ಲ, ಚೀಲ ಹಾಯಿಸುವ ಯಂತ್ರವೂ ಇಲ್ಲ.

ನಾನು ಆ ತಾಲ್ಲೂಕಿನಲ್ಲಿ ಪಾಠ ಹೇಳುತ್ತಿದ್ದ 1990ರ ದಶಕದಲ್ಲಿ ಸೋಮವಾರಗಳಂದು ತರಗತಿಯಲ್ಲಿ ಕೆಲವು ಹುಡುಗರು ತಡವಾಗಿ ಬರುತ್ತಿದ್ದರು. ಭಾನುವಾರ ಪೇಟೆಯಿಂದ ಬಂದವರು ಹೊಳೆಯ ದಂಡೆಯಲ್ಲಿ ಬಿಟ್ಟುಹೋದ ಬಾಟಲಿಗಳನ್ನು ಆಯ್ದು ಗುಜರಿಗೆ ಹಾಕಿ ಬರುವುದು ಅವರ ಕೆಲಸ. ಅದರಲ್ಲಿ ಅವರ ಪೆನ್ನು, ನೋಟುಪುಸ್ತಕಗಳ ಖರ್ಚು ಹುಟ್ಟುತ್ತಿತ್ತು. ಒಂದು ಬಾರಿ ಒಬ್ಬ ಹುಡುಗ ಬರಿಗಾಲಲ್ಲಿ ಒಡೆದ ಬಾಟಲಿಯನ್ನು ತುಳಿದ. ಗಾಯ ಕೀವಾಗಿ, ತಿಂಗಳಾದರೂ ಮಾಯದೆ, ಆ ವರ್ಷದ ವಾರ್ಷಿಕ ಪರೀಕ್ಷೆಗೆ ಅವನು ಬರಲಿಲ್ಲ. ಮರುವರ್ಷವೂ ಬರಲಿಲ್ಲ; ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದನೆಂದು ಅವನ ತಾಯಿ ಹೇಳಿದಳು. ಆ ಬಾಟಲಿಯನ್ನು ತಂದವನು ಯಾರೋ ಏನೋ. ಕೇಳಿದ್ದರೆ ಅವನೂ "ನನ್ನ ದುಡ್ಡು, ನನ್ನ ಬಾಟಲಿ" ಎಂದೇ ಹೇಳುತ್ತಿದ್ದನು.

ಚಪ್ಪಲಿ ಇಲ್ಲದೆ ನಡೆಯುವುದು ಮನುಷ್ಯರ ಮಕ್ಕಳು ಮಾತ್ರವಲ್ಲ. ನಮ್ಮ ಕಾಡಿಗೆ ಹೊಂದಿಕೊಂಡಂತಿರುವ ನೀಲಗಿರಿಯಲ್ಲಿ ಒಡೆದ ಬಾಟಲಿಗಳಿಂದ ಆನೆಗಳ ಪಾದಗಳಿಗೆ ಗಾಯವಾಗುವ ಪ್ರಶ್ನೆ ಮದರಾಸು ಹೈಕೋರ್ಟಿನವರೆಗೆ ಹೋಯಿತು. ಅದರ ಫಲವಾಗಿ 2022ರ ಮೇ ತಿಂಗಳಿನಿಂದ ಅಲ್ಲಿ ಸರ್ಕಾರಿ ಮದ್ಯದಂಗಡಿಗಳು ಒಂದು ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ಹಿಂದಿರುಗಿಸಿದವರಿಗೆ ಆ ಹಣವನ್ನು ಮರಳಿ ಕೊಡುವ ಏರ್ಪಾಡು ಬಂದಿತು. ಆನೆಯಂಥ ಆನೆಯ ಕಾಲನ್ನು ಉಳಿಸಲು ಹತ್ತು ರೂಪಾಯಿಯ ಆಸೆ ತೋರಿಸಬೇಕಾಯಿತು!

ಇನ್ನು ತೆಪ್ಪದ ಮಾತು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಕೆರೆಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ಅಲ್ಲಿ ಮದ್ಯದ ಮಾತಿರಲಿಲ್ಲ. ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಒಂದು ಕಾರಣವೆಂದು ಆಗ ವರದಿಯಾಯಿತು. ಎಚ್ಚರದಲ್ಲಿದ್ದವರು ತುಂಬಿದ ದೊಡ್ಡ ದೋಣಿಯ ಗತಿಯೇ ಹಾಗಾದರೆ, ಒಬ್ಬ ಎದ್ದು ನಿಂತರೂ ಓಲಾಡುವ ತೆಪ್ಪದಲ್ಲಿ ಬಾಟಲಿ ಬಿಚ್ಚುವುದೆಂದರೇನು? ತೆಪ್ಪ ನಡೆಸುವ ಬಡವನು "ಸ್ವಾಮಿ, ಬೇಡಿ" ಎಂದು ನಿಮ್ಮಂಥ ಹಿರಿಯರಿಗೆ ಹೇಳಬಲ್ಲನೇ? ಹಡಗಿನ ಕಾವಲಿನವನಿಗಿದ್ದ ಅಧಿಕಾರ ಅವನಿಗಿಲ್ಲ. ಏನಾದರೂ ಅನಾಹುತವಾದರೆ ಪೊಲೀಸು ಠಾಣೆಯ ಮುಂದೆ ಕೂರಬೇಕಾದವನು ಮಾತ್ರ ಅವನೇ.

ಮತ್ತೊಂದು ಸಂಗತಿಯಿದೆ. ಸಾರಾಯಿಯ ಪ್ಯಾಕೆಟ್ಟುಗಳು ನಮ್ಮ ಹಳ್ಳಿ, ಹಾಡಿಗಳಲ್ಲಿ ಏನು ಮಾಡಿದವೆಂಬುದನ್ನು ನೀವು ಬಾಲ್ಯದಿಂದ ಕಂಡವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ನಿಮ್ಮ ತಂಡದಲ್ಲೇ ಇಬ್ಬರು ಐವತ್ತು ತುಂಬುವ ಮೊದಲೇ ಹೋದರು. ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಅದೇ ದಾರಿಯಲ್ಲಿದ್ದ ಮೂರನೆಯವನೊಬ್ಬ ತಿರುಗಿ ಬಂದಿದ್ದಾನೆ. ಒಂಬತ್ತು ವರ್ಷಗಳಿಂದ ಅವನು ಒಂದು ಹನಿಯನ್ನೂ ಮುಟ್ಟಿಲ್ಲ. ಹೆಸರು ಬರೆಯುವುದಿಲ್ಲ, ಇಷ್ಟನ್ನೂ ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಗಳ ಪರೀಕ್ಷೆಯ ನೆಪ ಹೇಳಿ ಅವನು ನಿಮ್ಮ ಹಡಗಿಗೆ ಬರಲಿಲ್ಲ. ತೋಟದ ಕೂಟಕ್ಕೆ ಬರುವ ಆಸೆ ಅವನಿಗೆ ಬಹಳವಿದೆ. ಅವನು ನನ್ನೊಡನೆ ಹೇಳಿದ ಮಾತು ಇದು: "ಹಡಗಿನಲ್ಲಾದರೆ ಬಾರು ಒಂದು ಕಡೆ ಇರುತ್ತಿತ್ತು, ನಾನು ಇನ್ನೊಂದು ಕಡೆ ಕೂರಬಹುದಿತ್ತು ಸಾರ್. ತೆಪ್ಪದಿಂದ ಎಲ್ಲಿಗೆ ಎದ್ದು ಹೋಗಲಿ?"

ಈ ಪ್ರಶ್ನೆಗೆ ಹೊಗೆಸೊಪ್ಪಿನವನ ವಾದದಲ್ಲಿ ಉತ್ತರವಿಲ್ಲ, ಹೋಟೆಲಿನವನ ಲೆಕ್ಕದಲ್ಲಿಯೂ ಇಲ್ಲ. ಉತ್ತರ ನೀವೆಲ್ಲ ಸೇರಿ ಕೊಡಬೇಕಾದದ್ದು.

ನಾನು ಮದ್ಯಪಾನದ ವಿರುದ್ಧ ಉಪನ್ಯಾಸ ಮಾಡಲು ಹೊರಟಿಲ್ಲ. ನಿಮ್ಮ ತಲೆಯೂ ಹಣ್ಣಾಗಿದೆ. ನಿಮ್ಮ ಮನೆಯಲ್ಲಿ ನೀವು ಏನು ಮಾಡುತ್ತೀರೆಂದು ಕೇಳುವ ಅಧಿಕಾರ ನನಗಿಲ್ಲ. ಹಡಗಿನ ಬಾರಿನ ಬೆಲೆ ಹೆಚ್ಚಾಯಿತೆಂಬ ನಿಮ್ಮ ದೂರಿಗೂ ನನ್ನ ಸಹಾನುಭೂತಿ ಇದೆ. ಆದರೆ ತಡೆಯುವವರು ಯಾರೂ ಇಲ್ಲವೆಂಬುದೇ ಆ ದಂಡೆಯನ್ನು ಆರಿಸಲು ಕಾರಣವಾಗದಿರಲಿ.

ಅಂದು ನನ್ನನ್ನೂ ಕರೆದಿರಿ. ಸಂತೋಷದಿಂದ ಬರುತ್ತೇನೆ, ಮಂಡಿ ನೋವಿದ್ದರೂ ಬರುತ್ತೇನೆ. ಅವನನ್ನು ನನ್ನ ಜೊತೆಯಲ್ಲಿಯೇ ಕರೆತರುತ್ತೇನೆ. ನನ್ನ ಷರತ್ತು ಒಂದೇ: ಆ ಒಂದು ದಿನ ತೋಟಕ್ಕಾಗಲಿ ತೆಪ್ಪಕ್ಕಾಗಲಿ ಬಾಟಲಿ ಬರಬಾರದು. ಒಪ್ಪಿಗೆಯಿದ್ದರೆ ಹೋಟೆಲಿನವನು ಊಟದ ಲೆಕ್ಕ ಹಿಡಿಯಲು ಶುರುಮಾಡಲಿ. ನನ್ನ ಎಲೆಗೆ ಖಾರ ಕಡಿಮೆಯಿರಲಿ. ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ನೇರವಾಗಿ ತಿಳಿಸಿ, ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಅವನೂ ನಾನೂ ಬೇರೊಂದು ದಿನ ಚುಂಚನಕಟ್ಟೆಗೆ ಹೋಗಿ ಹೊಳೆ ನೋಡಿಕೊಂಡು ಬರುತ್ತೇವೆ.

ಎಲ್ಲರಿಗೂ ಒಳಿತಾಗಲಿ.