ಕಡಲಿಗೆ ನಾಲ್ಕು ದಿನ, ಮನೆಗೆ ಒಂದು ತಿಂಗಳು

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳಿರುವ ಮನೆಯಲ್ಲಿ "ಈ ಸಲ ಎಲ್ಲಿಗೆ?" ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. 2024ರ ಮೇ ತಿಂಗಳಿನಲ್ಲಿ ಹಾಸನದ ನಮ್ಮ ಮನೆಯಲ್ಲಿಯೂ ಅದು ಎದ್ದಿತು. ದೂರದ ಊರುಗಳ ಹೆಸರುಗಳೆಲ್ಲ ಬಂದುಹೋದ ಮೇಲೆ, ನಮ್ಮ ಗಳಿಕೆಗೆ ಒಪ್ಪುವಂತೆ, ಕುಂದಾಪುರದ ಸಮೀಪದ ಮರವಂತೆಯಲ್ಲಿ ನಾಲ್ಕು ದಿನವಿದ್ದು ಬರುವುದೆಂದು ನಿಶ್ಚಯವಾಯಿತು. ನಮ್ಮ ತಾಯಿಯವರಿಗೆ ಎಪ್ಪತ್ತೇಳು ವರ್ಷ. ಮೊಣಕಾಲಿನ ನೋವು ಬೇರೆ. "ನನಗೇತಕ್ಕೆ ಸಮುದ್ರ? ನೀವು ಹೋಗಿ ಬನ್ನಿ" ಎಂದರು. ಅವರಿಗೆ ಜೊತೆಯಾಗಿರಲು ನಮ್ಮ ತಂಗಿಯನ್ನು ಕರೆಯಿಸಿ ನಾವು ಒಪ್ಪಿದೆವು. ಎಷ್ಟು ಸುಲಭವಾಗಿ ಒಪ್ಪಿದೆವೆಂಬುದು ಆಮೇಲೆ ನಮಗೆ ಅರಿವಾಯಿತು.

ಹಗಲು ರೈಲಿನಲ್ಲಿ ಹೊರಟೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರುಗಳ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಮಗಳು ಬೆರಳು ಮಡಿಸಿ ಎಣಿಸುತ್ತಿದ್ದಳು. ಮಗನು ಪ್ರತಿಯೊಂದು ಕತ್ತಲಿಗೂ ಕೂಗಿಟ್ಟು ಅವಳ ಲೆಕ್ಕವನ್ನು ತಪ್ಪಿಸುತ್ತಿದ್ದನು. ಮಂಗಳೂರಿನಲ್ಲಿಳಿದು ಬಸ್ಸು ಹಿಡಿದು ಮರವಂತೆಯನ್ನು ಸೇರುವಾಗ ಕತ್ತಲಾಗಿದ್ದಿತು. ಆ ರಾತ್ರಿ ಕಡಲನ್ನು ಕಾಣಲಿಲ್ಲ. ಅದರ ಮೊರೆತವನ್ನು ಕೇಳುತ್ತ ಮಲಗಿದೆವು.

ಮರವಂತೆಯಲ್ಲಿ ಸೃಷ್ಟಿಯದೊಂದು ವಿನೋದವುಂಟು. ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ; ಪೂರ್ವಕ್ಕೆ, ರಸ್ತೆಯ ಮಗ್ಗುಲಲ್ಲಿಯೇ, ಸೌಪರ್ಣಿಕಾ ನದಿ. ಕೊಲ್ಲೂರಿನ ಕಡೆಯಿಂದ ಇಳಿದು ಬರುವ ಈ ನದಿಯು ಕಡಲನ್ನು ಇಷ್ಟು ಸಮೀಪಿಸಿಯೂ ಅಲ್ಲಿ ಸೇರದೆ, ದಕ್ಷಿಣಕ್ಕೆ ಸಾಗಿ, ಗಂಗೊಳ್ಳಿಯ ಬಳಿ ಬೇರೆ ನದಿಗಳೊಡನೆ ಕೂಡಿ ಸಮುದ್ರವನ್ನು ಹೊಗುತ್ತದೆ. ಒಂದು ಕಡೆ ಅಲೆಗಳ ಅಬ್ಬರ, ಇನ್ನೊಂದು ಕಡೆ ತೆಂಗಿನ ನೆರಳು ಬಿದ್ದ ನಿಶ್ಚಲವಾದ ನೀರು. ಎರಡನ್ನೂ ನೋಡಲು ಕತ್ತು ತಿರುಗಿಸಿದರೆ ಸಾಕು.

ಇಲ್ಲಿಯ ಅಲೆಗಳಿಗೆ ಸೆಳೆತ ಹೆಚ್ಚು. ಮಕ್ಕಳನ್ನು ನೀರಿಗೆ ಬಿಡಬಾರದೆಂದು ದಡದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಎಚ್ಚರಿಸಿದರು. ಆದುದರಿಂದ ಈಜಾಟವಿಲ್ಲ. ಬೆಳಗ್ಗೆ ಬಿಸಿಯಾದ ನೀರುದೋಸೆ, ಅನಂತರ ಮರಳಿನ ಗೋಪುರ, ಕಪ್ಪೆಚಿಪ್ಪುಗಳ ಸಂಗ್ರಹ, ಸಂಜೆ ಸೂರ್ಯಾಸ್ತ: ಇವಿಷ್ಟೇ ನಮ್ಮ ದಿನಚರಿ. ನಾಲ್ಕು ದಿನಗಳು ಕಳೆದುದು ತಿಳಿಯಲಿಲ್ಲ. ಹೊರಡುವಾಗ ಮಗಳು ಒಂದು ಸೀಸೆಯ ತುಂಬ ಕಡಲ ನೀರನ್ನು ತುಂಬಿಕೊಂಡಳು.

ಊರಿಗೆ ಬಂದಾಗ ರಜೆಯಲ್ಲಿ ಇನ್ನೂ ದಿನಗಳುಳಿದಿದ್ದವು. ತಾಯಿಯವರು ಮಾಳಿಗೆಯ ಮೇಲೆ ಸಂಡಿಗೆ ಇಡಿಸುತ್ತಿದ್ದರು. ಪಕ್ಕದಲ್ಲಿಯೇ ಮಗಳು ತನ್ನ ಸಮುದ್ರವನ್ನು ಒಂದು ಅಗಲವಾದ ತಟ್ಟೆಗೆ ಸುರಿದು ಬಿಸಿಲಿಗಿಟ್ಟಳು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕೆಲವು ದಿನಗಳಲ್ಲಿ ನೀರಾರಿ, ತಟ್ಟೆಯಲ್ಲಿ ಬಿಳಿಯ ಹರಳುಗಳು ನಿಂತವು. ಅಜ್ಜಿಯು ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದು, ಮಾತಿಗಾರಂಭಿಸಿದರು.

ರಾಜ್ಯಗಳ ಪುನರ್ವಿಂಗಡಣೆಯಾದ 1956ರ ಮರುವರ್ಷ, ಉಪಾಧ್ಯಾಯರಾಗಿದ್ದ ಅವರ ತಂದೆಯವರಿಗೆ ಕುಂದಾಪುರಕ್ಕೆ ವರ್ಗವಾಗಿದ್ದಿತು. ಆಗ ತಾಯಿಯವರಿಗೆ ಹತ್ತು ವರ್ಷ. ಅಲ್ಲಿ ಎರಡು ವರ್ಷವಿದ್ದರೆಂಬುದು ನಮಗೆ ತಿಳಿದಿದ್ದಿತು. ಅದಕ್ಕಿಂತ ಹೆಚ್ಚಿನದನ್ನು ನಾವೆಂದೂ ಕೇಳಿರಲಿಲ್ಲ. ಊರಿಗೆ ಊರೇ ಸೇರಿ ರಂಪಣಿ ಬಲೆಯನ್ನು ದಡಕ್ಕೆಳೆಯುತ್ತಿದ್ದುದನ್ನು ಅವರು ಬಣ್ಣಿಸಿದರು. ಯಂತ್ರದ ದೋಣಿಗಳು ಬಂದು, 1970ರ ದಶಕದ ಕೊನೆಯ ಹೊತ್ತಿಗೆ ಆ ದೊಡ್ಡ ಬಲೆಗಳು ಹಿಂದೆ ಸರಿದವು. "ನಮ್ಮದು ಮೀನು ಮುಟ್ಟದ ಮನೆ. ಆದರೂ ಹಗ್ಗದ ತುದಿ ಹಿಡಿದು ನಾನೂ ಎಳೆದಿದ್ದೆ. ಮನೆಗೆ ಬಂದು ಬೈಸಿಕೊಂಡೆ. ಮರುದಿನವೂ ಹೋದೆ" ಎಂದು ಅಜ್ಜಿ ನಗುವಾಗ ಮಕ್ಕಳು ಬಾಯಿ ತೆರೆದು ಕುಳಿತಿದ್ದರು.

"ಹಾಗಾದರೆ ಬರುತ್ತೇನೆಂದು ಏಕಮ್ಮ ಹೇಳಲಿಲ್ಲ?" ಎಂದು ಕೇಳಿದೆವು.

"ನಾನು ಬೇಡವೆಂದೆ, ನೀನು ಆಗಲಿ ಎಂದೆಯಲ್ಲಪ್ಪ" ಎಂದರು. ಅದರಲ್ಲಿ ಆಕ್ಷೇಪಣೆಯ ದನಿಯಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಆ ತಿಂಗಳ ಉಳಿದ ಮಧ್ಯಾಹ್ನಗಳು ಅವರ ಸುತ್ತಲೇ ಕಳೆದವು. ಅಟ್ಟದ ಮೇಲಿದ್ದ ಅಳಗುಳಿಮಣೆ ಕೆಳಗಿಳಿಯಿತು. ಅದರ 14 ಗುಳಿಗಳಿಗೆ ಹುಣಿಸೆಬೀಜದ ಬದಲು ಮರವಂತೆಯ ಪುಟ್ಟ ಚಿಪ್ಪುಗಳು ಬಿದ್ದವು. ಆಟದಲ್ಲಿ ಅಜ್ಜಿಯೇ ಗೆಲ್ಲುತ್ತಿದ್ದರು. ಸೋತವರಿಗೆ ಕಡಲಿನ ಇನ್ನೊಂದು ಕಥೆ ದೊರೆಯುತ್ತಿದ್ದುದರಿಂದ ಸೋಲಲು ಯಾರಿಗೂ ಬೇಸರವಿರಲಿಲ್ಲ.

ಹಿರಿಯರ "ಬೇಡ" ಎಂಬ ಮಾತು ಎಷ್ಟೋ ವೇಳೆ ನಮ್ಮ ಅನುಕೂಲಕ್ಕಾಗಿ ಆಡಿದ್ದು. ರಜೆಯ ಯೋಜನೆ ಮಾಡುವ ಗೃಹಸ್ಥರು ಅದನ್ನು ಇನ್ನೊಮ್ಮೆ ಕೇಳಿ ನೋಡಬೇಕೆಂದು ನಮ್ಮ ಅನುಭವದಿಂದ ಹೇಳುತ್ತೇವೆ. ನಾವು ಇನ್ನೊಮ್ಮೆ ಕೇಳಿದೆವು. "ಮೊಣಕಾಲು?" ಎಂದರು; ಬೇಡವೆನ್ನಲಿಲ್ಲ. ದಡದಲ್ಲಿ ಅವರು ಕುಳಿತುಕೊಳ್ಳಲೆಂದು ಮಡಿಸುವ ಕುರ್ಚಿಯೊಂದನ್ನು ಆ ವಾರವೇ ಕೊಂಡು ತಂದೆವು.