ಉಪ್ಪಿನಂಗಡಿಯ ಹೊಯಿಗೆ

ಬಂದರೆಂದೊಡನೆ ಕಡಲ ಕರೆಯೇ ಕಣ್ಣಿಗೆ ಕಟ್ಟುವುದು ಲೋಕರೂಢಿ. ಆದರೆ ಘಟ್ಟದ ಮೈಯಿಂದ ಇಳಿದ ಹೊಳೆಗಳು ಬಯಲನ್ನು ಸೇರಿ ನಿಧಾನವಾಗಿ ಹರಿಯುವ ನಾಡಿನಲ್ಲಿ, ಕಡಲಿನಿಂದ ಬಹುದೂರ ಒಳಗಿರುವ ಊರಿಗೂ ಬಂದರಿನ ಬಾಳು ದೊರೆಯುವುದುಂಟು. ಪುತ್ತೂರು ತಾಲೂಕಿನ ಉಪ್ಪಿನಂಗಡಿಯು ಅಂತಹ ಊರುಗಳಲ್ಲೊಂದು. ಕುದುರೆಮುಖದ ಕಡೆಯಿಂದ ಧರ್ಮಸ್ಥಳದ ಸೀಮೆಯನ್ನು ತೊಳೆದು ಬರುವ ನೇತ್ರಾವತಿಯೂ, ಕುಮಾರಪರ್ವತದ ಮಗ್ಗುಲಿನಿಂದ ಸುಬ್ರಹ್ಮಣ್ಯವನ್ನೂ ಕಡಬದ ಸೀಮೆಯನ್ನೂ ಹಾದು ಬರುವ ಕುಮಾರಧಾರೆಯೂ ಇಲ್ಲಿ ಕೂಡುತ್ತವೆ. ಕೂಡಿದ ಬಳಿಕ ಕುಮಾರಧಾರೆಯು ತನ್ನ ಹೆಸರನ್ನು ಬಿಟ್ಟುಕೊಡುತ್ತದೆ. ಪಾಣೆಮಂಗಳೂರು, ಬಂಟವಾಳಗಳ ಬದಿಯಿಂದ ಮಂಗಳೂರಿನ ಕಡಲನ್ನು ಸೇರುವವರೆಗೂ ಹೊಳೆಗೆ ನೇತ್ರಾವತಿಯೆಂಬ ಒಂದೇ ಹೆಸರು.

ತುಳುವರು ಈ ಊರನ್ನು ಉಬಾರ್ ಎನ್ನುತ್ತಾರೆ. ಕನ್ನಡದ ಹೆಸರಾದರೋ ಊರಿನ ಕಸುಬನ್ನೇ ಸಾರುತ್ತದೆ. ಉಪ್ಪಿನ ಅಂಗಡಿಗಳಿದ್ದ ಸ್ಥಳವೆಂದು ಜನರು ಅದನ್ನು ಬಿಡಿಸಿ ಹೇಳುವುದು ವಾಡಿಕೆ. ಆ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಘಟ್ಟದ ತಪ್ಪಲಿನ ರೈತನು ಅಕ್ಕಿಯನ್ನು ಬೆಳೆದನು, ಅಡಕೆಯನ್ನು ಬೆಳೆದನು. ಒಳ್ಳೆಮೆಣಸು ಅವನ ಮರಗಳಿಗೆ ಹಬ್ಬಿತು. ಆದರೆ ಗಂಜಿಗೆ ಬೇಕಾದ ಒಂದು ಹರಳು ಉಪ್ಪು ಮಾತ್ರ ಅವನ ನೆಲದಲ್ಲಿ ಹುಟ್ಟಲಿಲ್ಲ. ಅದು ಕಡಲಿನಿಂದಲೇ ಬರಬೇಕು. ಗಾಡಿಯ ದಾರಿಗಳಿಲ್ಲದ ಕಾಲದಲ್ಲಿ ಭಾರದ ಸರಕಿಗೆ ಹೊಳೆಗಿಂತ ಸುಲಭವಾದ ಹಾದಿ ಬೇರೊಂದಿರಲಿಲ್ಲ. ದೋಣಿ ಸಾಗುವಷ್ಟು ದೂರ ಸರಕು ನೀರಿನ ಮೇಲೆ ಬರುವುದು, ಅಲ್ಲಿಂದ ಮುಂದೆ ಎತ್ತಿನ ಹೇರಿನಲ್ಲಿಯೋ ಆಳಿನ ತಲೆಹೊರೆಯಲ್ಲಿಯೋ ಘಟ್ಟದ ಕಡೆಗೆ ನಡೆಯುವುದು. ಹಿಂದಿರುಗುವ ದೋಣಿಗೆ ಮಲೆಯ ಬೆಳೆಗಳು ತುಂಬುವುದು. ಹೀಗೆ ದೋಣಿಯ ದಾರಿ ಮುಗಿದು ಕಾಲುದಾರಿ ಮೊದಲಾಗುವ ಠಾವಿನಲ್ಲಿ ಅಂಗಡಿಗಳು ಹುಟ್ಟುವುದು ಸಹಜವೇ ಆಗಿದೆ. ಪುರಾತನ ರೋಮಾಪುರಿಯ ಹೆದ್ದಾರಿಯೊಂದಕ್ಕೆ ಉಪ್ಪಿನ ದೆಸೆಯಿಂದಲೇ ‘ಸಲಾರಿಯಾ’ ಎಂಬ ಹೆಸರು ಬಂದಿತ್ತೆಂಬುದನ್ನು ನೆನೆದರೆ, ಉಪ್ಪು ಊರುಗಳಿಗೂ ದಾರಿಗಳಿಗೂ ಹೆಸರಿಡುವ ಸಂಗತಿ ಈ ದೇಶಕ್ಕೆ ಮಾತ್ರ ಮೀಸಲಾದುದಲ್ಲವೆಂದು ತಿಳಿಯುತ್ತದೆ.

ಉಪ್ಪಿನ ಕಥೆಯು ಅಂಗಡಿಯಲ್ಲಿಯೇ ಮುಗಿಯಲಿಲ್ಲ. ಅದು ರಾಜಕಾರಣವನ್ನೂ ಹೊಕ್ಕಿತು. ಅಮರಸುಳ್ಯ ಮತ್ತು ಪುತ್ತೂರು ಮಾಗಣೆಗಳು 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದವು. ಆ ವರ್ಷ ಕುಂಪಣಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು, ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಹಿಂದೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಗಿ ಬಂದುದು ರೈತರಿಗೆ ಸಹಿಸಲಾರದ ಹೊರೆಯಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕೂಡಿಸಿ, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನತ್ತ ನಡೆದರು. ಎದುರಿಸಲು ಸಿಪಾಯಿಗಳೊಡನೆ ಬಂದ ಕಲೆಕ್ಟರ್ ಲೆವಿನ್ನನು ಪುತ್ತೂರಿನಿಂದ ಹಿಮ್ಮೆಟ್ಟಬೇಕಾಯಿತು. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ದಂಡು ಮಂಗಳೂರನ್ನೇ ಹೊಕ್ಕಿತು. ಸುಮಾರು ಎರಡು ವಾರಗಳಲ್ಲಿ ಆ ಆಳ್ವಿಕೆಯು ಅಳಿದು, ಮುಂದಾಳುಗಳಲ್ಲಿ ಹಲವರು ನೇಣುಗಂಬವನ್ನೇರಿದರು. ದಂಡಿನವರು ಜನರಿಗಿತ್ತ ಭರವಸೆಗಳಲ್ಲಿ ಉಪ್ಪು, ಹೊಗೆಸೊಪ್ಪುಗಳ ಮೇಲಿನ ಸರಕಾರದ ಏಕಸ್ವಾಮ್ಯವನ್ನು ತೆಗೆದುಹಾಕುವುದೂ ಒಂದಾಗಿತ್ತೆಂಬುದು ಗಮನಿಸತಕ್ಕ ವಿಷಯ. ಉಪ್ಪಿನ ಮೇಲಿನ ತೆರಿಗೆಯು ದೇಶದಿಂದ ತೊಲಗಿದುದು ಅಲ್ಲಿಂದ 110 ವರ್ಷಗಳ ತರುವಾಯ, 1947ರಲ್ಲಿ.

ವ್ಯಾಪಾರದ ಊರಿಗೆ ದೇವರೂ ಹೊಳೆಯ ದಡದಲ್ಲಿಯೇ ನೆಲಸಿರುವುದು ಸೋಜಿಗವಲ್ಲ. ಸಂಗಮದ ಬಳಿ ಸಹಸ್ರಲಿಂಗೇಶ್ವರ ಮಹಾಕಾಳಿಯರ ದೇವಸ್ಥಾನವಿದೆ. ಭೀಮಸೇನನು ಪುರುಷಾಮೃಗವನ್ನು ಕರೆತರುವಾಗ ಅದು ಬೆನ್ನಟ್ಟಿ ಬಂದಿತೆಂದೂ, ಅವನು ಹನುಮಂತನಿಂದ ಪಡೆದ ರೋಮಗಳನ್ನು ಒಂದೊಂದಾಗಿ ಉದುರಿಸಲು ಅವು ಲಿಂಗಗಳಾದುವೆಂದೂ, ಶಿವಭಕ್ತನಾದ ಆ ಮೃಗವು ಪ್ರತಿಯೊಂದನ್ನೂ ಪೂಜಿಸುತ್ತ ತಡೆದು ನಿಂತುದರಿಂದ ಭೀಮನು ಉಳಿದುಕೊಂಡನೆಂದೂ ಸ್ಥಳದ ಐತಿಹ್ಯ. ಆ ಲಿಂಗಗಳಲ್ಲಿ ಒಂದು ಹೊಳೆಯ ಪಾತ್ರದಲ್ಲಿಯೇ ಇದೆ. ಮಳೆಗಾಲದುದ್ದಕ್ಕೂ ಅದು ಪ್ರವಾಹದ ಅಡಿಯಲ್ಲಿ ಅಡಗಿರುವುದು. ನೀರು ಇಳಿದು ಹೊಯಿಗೆ ಮೇಲೆದ್ದ ಬಳಿಕ ಮಾತ್ರ ದರ್ಶನ ಕೊಡುವುದು. ಮಾಘಮಾಸದ ಮಖೆ ಜಾತ್ರೆಯು ಈ ಲಿಂಗದ ಸನ್ನಿಧಿಯಲ್ಲಿಯೇ ನೆರೆಯುವುದು.

ಮಖೆಗಳು ಮೂರು: ಹುಣ್ಣಿಮೆಯದು, ಅಷ್ಟಮಿಯದು, ಶಿವರಾತ್ರಿಯದು. ಆ ದಿನಗಳಲ್ಲಿ ಯಾತ್ರಿಕರು ಬೆಳಗಿನ ಚಳಿಯಲ್ಲಿ ಸಂಗಮಸ್ನಾನ ಮಾಡಿ, ಒದ್ದೆಬಟ್ಟೆಯಲ್ಲಿಯೇ ಹೊಯಿಗೆಯ ಮೇಲೆ ನಡೆದು ಲಿಂಗವನ್ನು ಕಾಣುತ್ತಾರೆ. ಹೊಳೆಯ ನಡುವಣ ಆ ಸನ್ನಿಧಿಗೆ ಕಲ್ಲಿನ ಗರ್ಭಗುಡಿಯಿಲ್ಲ, ಪೌಳಿಯಿಲ್ಲ, ಹೆಬ್ಬಾಗಿಲಿಲ್ಲ. ಗಯಾಕ್ಷೇತ್ರಕ್ಕೆ ಸಮಾನವಾದ ಸ್ಥಳವೆಂದು ನಂಬಿ, ಗತಿಸಿದ ಹಿರಿಯರ ಅಸ್ಥಿಯನ್ನು ಮಡಕೆಯಲ್ಲಿ ತಂದು ನೀರಿಗೆ ಬಿಡುವವರು ಒಂದೆಡೆ. ಬಳೆ, ಬತ್ತಾಸುಗಳಿಗಾಗಿ ತಾಯಿಯ ಸೆರಗನ್ನು ಜಗ್ಗುವ ಮಕ್ಕಳು ಇನ್ನೊಂದೆಡೆ. ದುಃಖಕ್ಕೂ ಸಂಭ್ರಮಕ್ಕೂ ಒಂದೇ ಹೊಯಿಗೆ ಸಾಕಾಗುವುದು ಈ ಜಾತ್ರೆಯ ವಿಶೇಷ.

ಹೊಳೆಯ ಈ ಸಂಬಂಧವು ಉಪ್ಪಿನಂಗಡಿಯೊಂದಕ್ಕೇ ಸೇರಿದುದಲ್ಲ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯು ಏಪ್ರಿಲ್ 10ರಂದು ಕೊಡಿಯೇರಿ, 17ರಂದು ಬ್ರಹ್ಮರಥವನ್ನು ಕಾಣುತ್ತದೆ. ಅನಂತರ ದೇವರು ಅವಭೃತಸ್ನಾನಕ್ಕಾಗಿ ಬಹುದೂರ ಸಾಗಿ, ದಾರಿಯುದ್ದಕ್ಕೂ ಕಟ್ಟೆಗಳಲ್ಲಿ ಪೂಜೆಗೊಂಡು, ವೀರಮಂಗಲದಲ್ಲಿ ಕುಮಾರಧಾರೆಗೆ ಇಳಿಯುತ್ತಾನೆ. ಊರಿನಲ್ಲಿ ದೊಡ್ಡ ಕೆರೆಯಿದ್ದರೂ ದೇವರಿಗೆ ಹೊಳೆಯೇ ಬೇಕು. ಸುಬ್ರಹ್ಮಣ್ಯದಲ್ಲಿಯೂ ಚಂಪಾಷಷ್ಠಿಯ ಯಾತ್ರಿಕನು ಕುಮಾರಧಾರೆಯಲ್ಲಿ ಮುಳುಗಿಯೇ ಸನ್ನಿಧಿಗೆ ನಡೆಯುತ್ತಾನೆ. ಸುಳ್ಯದ ನೀರು ಮಾತ್ರ ಬೇರೆ ದಾರಿ ಹಿಡಿದಿದೆ; ಪಯಸ್ವಿನಿಯು ಕಾಸರಗೋಡಿನ ಚಂದ್ರಗಿರಿಯಾಗಿ ಕಡಲನ್ನು ಸೇರುತ್ತದೆ.

ಅದೇ ಹೊಳೆ ಮುನಿದುದೂ ಉಂಟು. 1923ರ ನೆರೆಯನ್ನು ತುಳುನಾಡಿನ ಜನರು ಮಾರಿಬೊಳ್ಳವೆಂದು ಕರೆದರು. ಸಂಗಮದಿಂದ ಕೆಳಗಣ ಪೇಟೆಗಳವರೆಗೆ ದಡದ ಮನೆಗಳನ್ನು ಅದು ಕೊಚ್ಚಿಕೊಂಡು ಹೋಯಿತು. 1974ರಲ್ಲಿ ಮತ್ತೊಮ್ಮೆ ಮಹಾಪ್ರವಾಹ ಬಂದಿತು. ನೀರು ಮಿತಿಮೀರಿ ಏರಿದಾಗ ಎರಡು ಹೊಳೆಗಳೂ ದೇವಸ್ಥಾನದ ಎದುರಿನಲ್ಲಿಯೇ ಕೂಡುತ್ತವೆ. ಅದನ್ನೇ ಜನರು ಸಂಗಮವೆಂದು ಕರೆದು, ನೆರೆದು ನಿಂತು, ಗಂಗಾಪೂಜೆ ಸಲ್ಲಿಸುತ್ತಾರೆ. ಮನೆಯ ಸಾಮಾನುಗಳನ್ನು ಎತ್ತರಕ್ಕೆ ಸಾಗಿಸುತ್ತಿರುವ ಗೃಹಸ್ಥನೇ ಅದೇ ನೀರಿಗೆ ಬಾಗಿನವನ್ನು ಅರ್ಪಿಸಿ ಕೈಮುಗಿಯುವುದನ್ನು ಮೂಢತನವೆಂದು ನಗುವವನು ಹೊಳೆಯ ದಡದಲ್ಲಿ ಬಾಳಿದವನಾಗಿರಲಾರನು.

ಕಾಲಕ್ರಮದಲ್ಲಿ ದಾರಿಗಳು ಹೊಳೆಯ ಕೆಲಸವನ್ನು ಕಸಿದುಕೊಂಡವು. ಶಿರಾಡಿ ಘಾಟಿಯ ಹೆದ್ದಾರಿಯು ಊರನ್ನು ಹಾದುಹೋಯಿತು. 1979ರಲ್ಲಿ ಮಂಗಳೂರು–ಹಾಸನ ರೈಲು ಪುತ್ತೂರಿನ ಮಾರ್ಗವಾಗಿ ಓಡಿತು. ಸರಕಿನ ದೋಣಿಗೆ ಕೆಲಸವಿಲ್ಲದಾಯಿತು. ವಿಶಾಲವಾದ ಪುತ್ತೂರು ಸೀಮೆಗೆ ಹಿಂದೆ ಉಪ್ಪಿನಂಗಡಿ ತಾಲೂಕೆಂಬ ಹೆಸರಿದ್ದಿತು. ಆ ಹೆಸರೂ ಕಡತಗಳಲ್ಲಿ ಉಳಿದುಹೋಯಿತು. ಇಷ್ಟಾದರೂ ಜನರು ವರ್ಷಕ್ಕೆ ಮೂರು ಬಾರಿ ಹೊಳೆಯ ಪಾತ್ರಕ್ಕೆ ಇಳಿದು, ಅಲ್ಲಿಯೇ ಅಂಗಡಿಯಿಟ್ಟು, ಕೊಂಡು ಮಾರಿ, ಮಿಂದು ಹೋಗುವ ಪದ್ಧತಿ ಉಳಿಯಿತು. ಮೆಡಿಟರೇನಿಯನ್ ಕಡಲಿನ ವೆನಿಸ್ ನಗರದಲ್ಲಿ ಅಧಿಪತಿಯು ವರ್ಷಕ್ಕೊಮ್ಮೆ ಸಮುದ್ರಕ್ಕೆ ಉಂಗುರವನ್ನು ಎಸೆದು ಅದನ್ನು ವರಿಸುತ್ತಿದ್ದನು. 1797ರಲ್ಲಿ ರಾಜ್ಯವು ಅಳಿದೊಡನೆ ಅಧಿಪತಿಯ ಆ ವಿಧಿಯೂ ನಿಂತಿತು. ಉಪ್ಪಿನಂಗಡಿಯ ಹಬ್ಬವು ಯಾವ ದೊರೆಯನ್ನೂ ನಚ್ಚಿಕೊಂಡುದಲ್ಲ; ಬೇಸಗೆಯಲ್ಲಿ ತಲೆಯೆತ್ತುವ ಹೊಯಿಗೆಯನ್ನು ನಚ್ಚಿಕೊಂಡುದು.

ಆ ಹೊಯಿಗೆಗೆ ಈಗ ಸಂಶಯ ಬಂದಿದೆ. ಕೆಳಗಣ ಬಿಳಿಯೂರಿನಲ್ಲಿ ಕಿಂಡಿ ಅಣೆಕಟ್ಟು ಆದ ಬಳಿಕ, ಹಲಗೆಗಳನ್ನಿಳಿಸಿದಾಗ ಹಿನ್ನೀರು ಸಂಗಮದವರೆಗೆ ನಿಂತು, ಲಿಂಗವು ಬೇಸಗೆಯಲ್ಲಿಯೂ ಮುಳುಗುವ ಪ್ರಸಂಗ ಒದಗಿದೆ. ಇದನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ಹೇಳಿಬಿಡಲಾಗದು. ಮಳೆಗಾಲದಲ್ಲಿ ಮನೆಯನ್ನು ಮುಳುಗಿಸುವ ಹೊಳೆಯೇ ಬೇಸಗೆಯ ಕೊನೆಗೆ ಬತ್ತಿ, ತೋಟಗಳು ಒಣಗಿ, ಬಾವಿಗಳ ತಳ ಕಾಣುವ ಸಂಕಟವನ್ನು ಈ ಸೀಮೆಯವರು ಬಲ್ಲರು. ನಿಂತ ನೀರು ಅಡಕೆಯ ಬುಡಕ್ಕೂ ಕುಡಿಯುವ ಕೊಡಕ್ಕೂ ಆಧಾರ. ಲಿಂಗದ ದರ್ಶನಕ್ಕಾಗಿ ನೆರೆಯವನ ತೋಟವು ಒಣಗಲೆಂದು ಯಾವ ಭಕ್ತನೂ ಬೇಡಲಾರನು.

ಆದರೆ ಲಿಂಗದ ಬದಲಿಗೆ ದಡದಿಂದಲೇ ನೀರಿಗೆ ಹೂವೆಸೆದರೆ ಸಾಕೆನ್ನುವ ಸಮಾಧಾನವೂ ಪೂರ್ಣವಾದುದಲ್ಲ. ಈ ಊರಿನ ಹಬ್ಬದ ತಿರುಳಿರುವುದು ಹೊಳೆಯ ಏರಿಳಿತದಲ್ಲಿ. ಮುಳುಗುವುದೂ ಮೇಲೇಳುವುದೂ ಇದ್ದರೆ ಮಾತ್ರ ಅಲ್ಲಿ ದರ್ಶನವೆಂಬುದಕ್ಕೆ ಅರ್ಥ. ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತ ನೀರಿಗೆ ಕೆರೆಯೆಂದು ಹೆಸರು; ಅದನ್ನು ಕಾಯ್ದುಕೊಂಡಿರುವ ಕಾರಣವೇ ಯಾತ್ರಿಕನಿಗಿಲ್ಲ. ಅಜ್ಜನ ಅಸ್ಥಿಯನ್ನು ಬಿಟ್ಟ ಠಾವನ್ನು ಮೊಮ್ಮಗನಿಗೆ ಕಾಲಿಟ್ಟು ತೋರಿಸಬೇಕಾದರೆ ಅಲ್ಲಿ ನೆಲವೆಂಬುದು ಇರಬೇಕು.

ಎರಡೂ ಅಗತ್ಯಗಳಿಗೆ ಎಡೆಮಾಡುವುದು ಅಸಾಧ್ಯವೇನಲ್ಲ. ಕಿಂಡಿ ಅಣೆಕಟ್ಟಿನ ಗುಣವೇ ಅದು ಮುಚ್ಚಲೂ ತೆರೆಯಲೂ ಬರುವುದು. ಮಖೆಯ ತಿಥಿಗಳು ಪಂಚಾಂಗದಲ್ಲಿ ವರ್ಷ ಮೊದಲೇ ಗೊತ್ತಾಗುತ್ತವೆ. ಮಾಘದ ಆ ದಿನಗಳಲ್ಲಿ ನೀರನ್ನು ತಗ್ಗಿಸಿ, ಶಿವರಾತ್ರಿಯು ಕಳೆದ ಬಳಿಕ ಹೊಳೆಯಲ್ಲಿ ಇನ್ನೂ ಒರತೆಯಿರುವಾಗಲೇ ಹಲಗೆಗಳನ್ನಿಳಿಸಿದರೆ, ವೈಶಾಖದ ಬಿಸಿಲಿಗೆ ಬೇಕಾದಷ್ಟನ್ನು ಕೂಡಿಡಲು ಕಾಲವು ಉಳಿಯಬಹುದು. ಅದಕ್ಕೆ ಬೇಕಾದುದು ದೇವಸ್ಥಾನದವರೂ ತೋಟದವರೂ ಅಧಿಕಾರಿಗಳೂ ಮಳೆಗಾಲ ಮುಗಿಯುವ ಮೊದಲೇ ಒಂದೆಡೆ ಕುಳಿತು ದಿನಗಳನ್ನು ಎಣಿಸಿ ಒಪ್ಪುವುದು. ಹಿಂದಿನ ದೋಣಿಯವರು ನೀರಿನ ಹದವನ್ನು ನೋಡಿ ಸರಕು ಹೇರುತ್ತಿದ್ದರು. ಅದೇ ಹೊಳೆಯನ್ನು ಈಗ ನಡೆಸುವವರಿಗೂ ಅಷ್ಟು ತಾಳ್ಮೆ ಸಲ್ಲುವುದು.